ಬಣ್ಣ ತೆಗೆದ ಮೇಲಿನ ಮುಖ

ಆ ಕೊರಡನ್ನು ಸ್ವಲ್ಪ ಒಳಕ್ಕೆ ತಳ್ಳಿ, ಹೊಗೆ ಕಣ್ಣಿಗೆ ಬರುತ್ತಿದೆ. ಇಂಥ ಮಳೆಗೆ ಹೋದ ಕರೆಂಟು ನಾಳೆ ಮಧ್ಯಾಹ್ನದ ತನಕ ಬರುವ ಲಕ್ಷಣವಿಲ್ಲ, ಹಾಗಾಗಿ ಅವಸರವೂ ಇಲ್ಲ. ನನ್ನ ತಂಗಿಯ ಮಗನ ವಿಷಯ ಕೇಳಿದಿರಲ್ಲ, ಕಿಸೆಯಲ್ಲಿ ಮೊಬೈಲು ಇದ್ದವರೆಲ್ಲ ಫೋಟೋ ತೆಗೆಯುವ ಈ ಕಾಲದಲ್ಲಿ ಅವನೊಬ್ಬನನ್ನೇ ಹುಡುಕಿಕೊಂಡು ಜನ ಯಾಕೆ ಬರುತ್ತಾರೆ ಅಂತ. ಅದನ್ನು ಹೇಳಬೇಕಾದರೆ ಒಂದು ಸಾವಿನ ಮನೆಯ ವಿಷಯ ಹೇಳಬೇಕು. ಅದಕ್ಕೂ ಮೊದಲು ಒಂದು ಚೌಕಿಯ ವಿಷಯ.

ಅವನು ನನ್ನ ಸ್ಟುಡಿಯೋಕ್ಕೆ ಬಂದು ಸೇರಿದ್ದು 2012ರ ಜನವರಿಯಲ್ಲಿ. ತಿಂಗಳು ನೆನಪಿರಲು ಕಾರಣವಿದೆ. ಅದೇ ತಿಂಗಳು ಅಮೆರಿಕದಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ನನ್ನ ಅಂಗಡಿಯ ಬಾಗಿಲ ಮೇಲೆ ಮಾತ್ರ ಅದರ ಹಳದಿ ಬೋರ್ಡು ಇನ್ನೂ ಇತ್ತು. ತಮಾಷೆ ಏನೆಂದರೆ, ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದವರು ಆ ಕಂಪನಿಯವರೇ ಆದ ಇಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಒಂದು ಚಿತ್ರ ಕ್ಯಾಸೆಟ್ಟಿನ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತಂತೆ. ಫಿಲಂ ವ್ಯಾಪಾರಕ್ಕೆ ಕಲ್ಲು ಬೀಳುತ್ತದೆಂದು ದೊಡ್ಡವರು ಅದನ್ನು ಮೂಲೆಗಿಟ್ಟರು. ಕಲ್ಲು ಬೇರೆಯವರ ಕೈಯಿಂದ ಬಿತ್ತು.

ನಮ್ಮಲ್ಲಿ ಅಷ್ಟು ಹೊತ್ತಿಗೆ ಡಾರ್ಕ್‌ರೂಮು ಗೋಡೌನ್ ಆಗಿತ್ತು. ಹೈಪೋದ ವಾಸನೆ ಮಾತ್ರ ಗೋಡೆ ಬಿಟ್ಟಿರಲಿಲ್ಲ. ಎನ್‌ಲಾರ್ಜರ್ ಮೇಲೆ ಆಲ್ಬಮ್ಮುಗಳ ಖಾಲಿ ಡಬ್ಬ ಪೇರಿಸಿದ್ದೆ. ಸ್ಟುಡಿಯೋ ನಡೆಯುತ್ತಿದ್ದದ್ದು ಪಾಸ್‌ಪೋರ್ಟ್ ಸೈಜು, ಹಾಲ್ ಟಿಕೆಟ್ಟಿನ ಫೋಟೋ, ಮದುವೆ, ಗೃಹಪ್ರವೇಶಗಳಿಂದ. ಜೊತೆಗೆ ಸತ್ತವರ ಫೋಟೋ ದೊಡ್ಡದು ಮಾಡಿ ಫ್ರೇಮು ಹಾಕಿ ಕೊಡುವುದು. ಯಾವ ಕಂಪನಿ ಮುಳುಗಿದರೂ ನಿಲ್ಲದ ವ್ಯಾಪಾರ ಅದೊಂದೇ.

ಅಳಿಯನ ಬಗ್ಗೆ ಒಂದು ಮಾತು ಮೊದಲೇ ಹೇಳುತ್ತೇನೆ, ಆಮೇಲೆ ನೀವು ಪವಾಡದ ಕಥೆ ಅಂದುಕೊಳ್ಳಬಾರದು. ಅವನು ಹುಟ್ಟಾ ಪ್ರತಿಭಾವಂತನೇನೂ ಅಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕುತ್ತಿಗೆಗೆ ಹಾಕಿಕೊಂಡು ಬಂದ. ಅವನು ತೆಗೆದ ಮದುವೆ ಫೋಟೋಗೂ ಪಕ್ಕದ ಪೇಟೆಯ ಹುಡುಗ ತೆಗೆದದ್ದಕ್ಕೂ ಹೆಸರು ಮುಚ್ಚಿಟ್ಟರೆ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ. ಅದೇ ಮರವಂತೆ ಕಡಲ ತೀರ, ಅದೇ ಮುಳುಗುವ ಸೂರ್ಯ, ಸೂರ್ಯನನ್ನು ಬೊಗಸೆಯಲ್ಲಿ ಹಿಡಿದ ಅದೇ ಹುಡುಗ ಹುಡುಗಿ. ನಮ್ಮ ಕಾಲದಲ್ಲಿ ಕಸುಬಿನ ಗುಟ್ಟು ಡಾರ್ಕ್‌ರೂಮಿನ ಒಳಗಿತ್ತು. ಡೆವಲಪರ್ ಎಷ್ಟು ಬೆಚ್ಚಗಿರಬೇಕು, ನೆಗೆಟಿವ್ ಮೇಲೆ ಪೆನ್ಸಿಲಿನ ಟಚಿಂಗ್ ಎಲ್ಲಿ ಕೊಡಬೇಕು ಎಂಬುದನ್ನು ಗುರು ಹೇಳದಿದ್ದರೆ ವರ್ಷಗಟ್ಟಲೆ ತಡಕಾಡಬೇಕಿತ್ತು. ಈಗ ಯೂಟ್ಯೂಬು ಎಲ್ಲವನ್ನೂ ಎಲ್ಲರಿಗೂ ಹೇಳಿಕೊಡುತ್ತದೆ. ಎಲ್ಲರಿಗೂ ಗೊತ್ತಿರುವುದನ್ನು ಮಾಡಿ ಬೇರೆಯಾಗಿ ಕಾಣುವುದು ಹೇಗೆ? ಅವನನ್ನು ಕೊರೆಯುತ್ತಿದ್ದ ಪ್ರಶ್ನೆ ಅದು. ರಾತ್ರಿ ಊಟಕ್ಕೆ ಕೂತಾಗ, "ಮಾವ, ನನ್ನ ಫೋಟೋ ನಂದು ಅಂತ ಗೊತ್ತಾಗೋದು ಹ್ಯಾಂಗೆ?" ಅನ್ನುತ್ತಿದ್ದ. ಅನ್ನ ತಣ್ಣಗಾಗುತ್ತದೆ ಉಣ್ಣು ಮಾರಾಯ ಅನ್ನುತ್ತಿದ್ದೆ ನಾನು.

ನಮ್ಮ ಕಡೆ ಮದುವೆ ಸೀಸನ್ನೂ ಯಕ್ಷಗಾನ ಮೇಳಗಳ ತಿರುಗಾಟವೂ ಒಂದೇ ಹೊತ್ತಿಗೆ ಬರುತ್ತವೆ. ದೀಪಾವಳಿ ಕಳೆದ ಮೇಲೆ ಶುರುವಾದರೆ ಮಳೆ ಹಿಡಿಯುವ ತನಕ ಹಗಲು ಛತ್ರ, ರಾತ್ರಿ ಗದ್ದೆ. ಮಂದಾರ್ತಿಯಂಥ ಕ್ಷೇತ್ರಗಳ ಮೇಳಕ್ಕೆ ಹರಕೆ ಆಟ ಹೇಳಿಕೊಂಡು ವರ್ಷಗಟ್ಟಲೆ ಸರದಿ ಕಾಯುವ ಮನೆಗಳಿವೆ. ಹಾಗಾಗಿ ಆಟ ಒದಗಿ ಬಂದ ದಿನ ಮನೆಯವರಿಗೆ ಮದುವೆಗಿಂತ ಹೆಚ್ಚಿನ ಸಂಭ್ರಮ, ಫೋಟೋದವರು ಬೇಕೇ ಬೇಕು. ಅಂಥದೊಂದು ಹರಕೆ ಆಟಕ್ಕೆ ಇವನನ್ನು ಕರೆದುಕೊಂಡು ಹೋಗಿದ್ದೆ. ಮನೆಯವರು ಪ್ರಸಾದ ತೆಗೆದುಕೊಳ್ಳುವ ಫೋಟೋ ಆಯಿತು, ನೆಂಟರ ಗುಂಪಿನದ್ದಾಯಿತು. ರಂಗಸ್ಥಳದ ಮುಂದೆ ನೋಡಿದರೆ ಆಗಲೇ ಮೊಬೈಲುಗಳ ಸಾಲು. ಅದರಲ್ಲಿ ತೂರಿಕೊಳ್ಳಲು ಮನಸ್ಸಾಗದೆ ಇವನು ಹಿಂದಕ್ಕೆ ಚೌಕಿಗೆ ಹೋದ.

ಚೌಕಿ ನೋಡಿದ್ದೀರಾ? ಎದುರಿಗೆ ಕೂತು ಆಟ ನೋಡಿದವರು ಬಹಳ ಜನ, ಒಳಗೆ ಬಂದವರು ಕಡಿಮೆ. ತಗಡೋ ಸೋಗೆಯೋ ಹೊದಿಸಿದ ಒಂದು ಉದ್ದನೆಯ ಚಪ್ಪರ. ತುದಿಯಲ್ಲಿ ಗಣಪತಿ, ದೀಪ. ಎರಡೂ ಬದಿಗೆ ವೇಷದ ಪೆಟ್ಟಿಗೆಗಳು, ಪೆಟ್ಟಿಗೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು. ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕ್ರಮವಿದೆ, ಕಂಡಲ್ಲಿ ಕೂರುವ ಹಾಗಿಲ್ಲ. ಇಲ್ಲಿ ಮೇಕಪ್ಪಿನವರು ಅಂತ ಬೇರೆ ಯಾರೂ ಇಲ್ಲ. ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಮೂಲೆಯಲ್ಲಿ ಬಣ್ಣದ ವೇಷದವರೊಬ್ಬರು, ಅಂದರೆ ರಾಕ್ಷಸ ಪಾತ್ರ ಮಾಡುವವರು, ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಮೇಳದಲ್ಲೂ ಊರಿನಲ್ಲೂ ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಆ ರಾತ್ರಿ ಅವರದು ಶೂರ್ಪನಖಿ.

ಇವನು ಹೋಗಿ ಸೀದಾ ಅವರ ಮುಖಕ್ಕೆ ಫ್ಲ್ಯಾಶ್ ಹೊಡೆದ. ಅಜ್ಜ ಕಣ್ಣಿನ ಅಂಚಿಗೆ ಕಾಡಿಗೆ ಎಳೆಯುತ್ತಿದ್ದರು. ಕೈ ಹಾಗೇ ನಿಂತಿತು. ಬೈಯಲಿಲ್ಲ. "ಮಗಾ, ಆ ಮಿಂಚು ಆರಿಸು. ಕೆಲಸ ಇಲ್ಲ ಅಂತಾದ್ರೆ ಇಲ್ಲಿ ಬಾ, ಈ ಕನ್ನಡಿ ಹಿಡಿ" ಅಂದರು.

ಇವನು ಕ್ಯಾಮೆರಾ ಬದಿಗಿಟ್ಟು ಕನ್ನಡಿ ಹಿಡಿದ. ಎಷ್ಟು ಹೊತ್ತು ಅಂದಿರಿ? ಬಣ್ಣದ ವೇಷದ ಮುಖವರ್ಣಿಕೆ ಗಂಟೆಗಟ್ಟಲೆಯ ಕೆಲಸ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಚಿಟ್ಟಿ ಇಡಬೇಕು. ಒಂದು ಚುಕ್ಕೆ ಒಣಗಿದ ಮೇಲೆ ಅದರ ತಲೆಯ ಮೇಲೆ ಇನ್ನೊಂದು, ಹೀಗೆ ಮುಳ್ಳು ಮುಳ್ಳಾಗಿ ಏಳುವ ತನಕ. ಅಷ್ಟು ಹೊತ್ತೂ ಬಾಯಿ ಅಲುಗಿಸುವ ಹಾಗಿಲ್ಲ, ನಗುವ ಹಾಗಿಲ್ಲ. ಹೊರಗೆ ಭಾಗವತರ ಪದ, ಚಂಡೆ, ಒಳಗೆ ಕಡ್ಡಿ ಹಿಡಿದ ಬೆರಳು. ನಾನು ಎರಡು ಸಲ ಬಂದು ಇಣುಕಿ ಹೋದೆ. ಎರಡು ಸಲವೂ ಇವನು ಅಲ್ಲೇ ಇದ್ದ. ಮನೆಯವರು ಅತ್ತ ಫೋಟೋದ ಹುಡುಗ ಎಲ್ಲಿ ಅಂತ ಹುಡುಕುತ್ತಿದ್ದರು, ಆ ಕೆಲಸ ನನ್ನ ತಲೆಗೆ ಬಿತ್ತು.

ವೇಷ ಮುಗಿಯುವ ಹೊತ್ತಿಗೆ ಅಜ್ಜ ಕೇಳಿದರಂತೆ, "ಫೋಟೋ ಬೇಕಾ?" ಬೇಕು ಅಂದ. "ತೆಗಿ. ಆದ್ರೆ ಅರ್ಧ ಬರೆದ ಮುಖ ಊರಿಗೆ ತೋರಿಸ್ಬೇಡ. ಅದು ರಕ್ಕಸಿಯೂ ಅಲ್ಲ, ನಾನೂ ಅಲ್ಲ."

ಇವನ ಬದುಕಿಗೆ ದಿಕ್ಕು ಹಿಡಿಸಿದ್ದು ಆ ಮಾತು. ಹೇಗೆ ಅಂತ ಹೇಳುತ್ತೇನೆ, ಆದರೆ ಆ ಹೊತ್ತಿನಲ್ಲಿ ಅದು ವ್ಯಾಪಾರಕ್ಕೆ ಪೂರ್ತಿ ಉಲ್ಟಾ ಇತ್ತು ಅನ್ನುವುದನ್ನು ಗಮನಿಸಿ. ಇನ್‌ಸ್ಟಾಗ್ರಾಂ ಬಂದು ಆಗ ಒಂದೆರಡು ವರ್ಷವಾಗಿತ್ತು. ಮುಂದೆ ಅದು ಬೆಳೆಯುತ್ತ ಹೋದ ಹಾಗೆ ಯಕ್ಷಗಾನದ್ದೆಂದು ಜನ ಹೆಚ್ಚು ಮೆಚ್ಚಿದ್ದು ಯಾವ ಫೋಟೋ ಗೊತ್ತೇ? ಅದೇ, ಅರ್ಧ ಮನುಷ್ಯ ಅರ್ಧ ರಾಕ್ಷಸ. ದಿಲ್ಲಿ, ಮುಂಬಯಿಯಿಂದ ಬಂದವರೂ ಒಂದು ಸಂಜೆ ಚೌಕಿಯಲ್ಲಿ ಕೂತು ಅದನ್ನೇ ತೆಗೆದುಕೊಂಡು ಹೋಗುತ್ತಿದ್ದರು. ಇವನ ಬಳಿ ಅಂಥವು ರಾಶಿ ರಾಶಿ ಇದ್ದವು, ಒಂದನ್ನೂ ಹಾಕಲಿಲ್ಲ. ಹಾಕಿದ್ದು ಏನು? ಗೆಜ್ಜೆ ಕಟ್ಟುವ ಕೈ. ಒಡೆದ ಕನ್ನಡಿ. ನಿದ್ದೆಗೆ ಜಾರಿದ ಮದ್ದಳೆಗಾರರು. ಲಾರಿಗೆ ಪೆಟ್ಟಿಗೆ ಏರಿಸುವ ಹುಡುಗರು. ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಉದ್ದನೆಯ ಟಿಪ್ಪಣಿ: ಯಾವ ಮೇಳ, ಯಾವ ಪ್ರಸಂಗ, ಯಾವ ಊರಿನ ಗದ್ದೆ, ಕೈ ಯಾರದ್ದು. ಲೈಕು ಬೀಳುತ್ತಿದ್ದದ್ದು ಕಡಿಮೆ. ಆದರೆ ನೋಡುವವರು ಯಾರೆಂದರೆ ಕಲಾವಿದರು, ಅವರ ಮಕ್ಕಳು, ಮುಂಬಯಿಯಲ್ಲಿ ಹೋಟೆಲು ಇಟ್ಟವರು, ಗಲ್ಫಿನಲ್ಲಿ ಇರುವ ನಮ್ಮ ಕಡೆಯವರು. ಕೆಳಗೆ ಹೆಸರು ತಪ್ಪಿದ್ದರೆ ಅರ್ಧ ಗಂಟೆಯಲ್ಲಿ ತಿದ್ದಿ ಬರೆಯುವಂಥ ಜನ. ಸಾವಿರ ಜನ ಹೆಬ್ಬೆಟ್ಟು ಒತ್ತುವುದಕ್ಕಿಂತ ಒಬ್ಬ ತಿದ್ದುವವನು ಹೆಚ್ಚು ಅಂತ ನನ್ನ ಅಭಿಪ್ರಾಯ.

ಫ್ಲ್ಯಾಶ್ ಬಿಟ್ಟ ಮೇಲೆ ಕಲಿಯಬೇಕಾದದ್ದೂ ಬಹಳ ಇತ್ತು. ನಾನು ಫಿಲಂನಲ್ಲಿ ಚೌಕಿ ತೆಗೆದವನೇ. 400ರ ಫಿಲಂ ಹಾಕಿ, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಟ್ಟು 1600ಕ್ಕೆ ಎಳೆದರೆ ಕಾಳು ಕಾಳಾಗಿ ಏನೋ ಒಂದು ಬರುತ್ತಿತ್ತು. ಇವನ ಕ್ಯಾಮೆರಾ 3200ರಲ್ಲೂ ಚರ್ಮದ ನವಿರು ಉಳಿಸುತ್ತಿತ್ತು. ಡಿಜಿಟಲ್ ಕಾಲ ನಮಗೆ ಕೊಟ್ಟ ನಿಜವಾದ ವರ ಅದು, ಉಳಿದದ್ದೆಲ್ಲ ಗದ್ದಲ. ಆದರೆ ಚೌಕಿಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. ಶಟರ್ ವೇಗ ಜಾಸ್ತಿಯಾದರೆ ಚಿತ್ರದ ಮೇಲೆ ಅಡ್ಡಪಟ್ಟೆ ಬೀಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಸೆಕೆಂಡಿನ ಐವತ್ತನೇ ಒಂದು ಇಲ್ಲವೇ ನೂರನೇ ಒಂದು ಭಾಗದಲ್ಲೇ ನಿಲ್ಲಬೇಕು. ಅಷ್ಟು ನಿಧಾನದ ಶಟರಿಗೆ ಕೈಯೂ ಅಲುಗಬಾರದು, ಎದುರಿನವರೂ ಅಲುಗಬಾರದು. ಚಿಟ್ಟಿ ಇಡುವವರು ಹೇಗೂ ಅಲುಗುವುದಿಲ್ಲ. ಕನ್ನಡಿ ಹಿಡಿದು ಕಲಿತವನ ಕೈಯೂ ಅಲುಗುತ್ತಿರಲಿಲ್ಲ.

ಒಂದು ಮಳೆಗಾಲ ಅವನಿಗೆ ಟಿ.ಎಸ್. ಸತ್ಯನ್ ಅವರ ಚಿತ್ರಗಳಿದ್ದ ಪುಸ್ತಕ ಕೊಟ್ಟೆ. ಮೈಸೂರಿನವರು, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಫೋಟೋಗ್ರಾಫರ್ ಆಗಿದ್ದವರು. ಆಮೇಲೆ ಸ್ವತಂತ್ರವಾಗಿ ಕೆಲಸ ಮಾಡಿ, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದರು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ರಾಜ ಮಹಾರಾಜರಷ್ಟೇ ಗೌರವದಿಂದ ಬೀದಿಯ ಹುಡುಗನನ್ನು ನೋಡಿದ ಕಣ್ಣು ಅದು. ಎ.ಎನ್. ಮುಕುಂದ ಅವರ ಹೆಸರೂ ಹೇಳಿದೆ. ಕನ್ನಡದ ಲೇಖಕರ ಮುಖಗಳ ಬೆನ್ನು ಹತ್ತಿ 'ಮುಖಮುದ್ರೆ' ಅನ್ನುವ ಪುಸ್ತಕ ಮಾಡಿದವರು. ಕಾಡಿನ ಪ್ರಾಣಿಗಳಿಗೇ ಬದುಕು ಕೊಟ್ಟ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಹೆಸರನ್ನು ಮಾತ್ರ ಹೇಳಬೇಕಾಗಿ ಬರಲಿಲ್ಲ, ಈಗಿನ ಹುಡುಗರಿಗೆ ಗೊತ್ತಿರುವ ಹಳಬರ ಹೆಸರು ಅದೊಂದೇ. ಇವರೆಲ್ಲ ಒಂದೊಂದು ಕಡೆ ಬೇರು ಬಿಟ್ಟವರು. ಇವನೂ ಚೌಕಿಯನ್ನು ಬಿಡಲಿಲ್ಲ. ಮದುವೆಗೂ ಹೋಗುತ್ತಿದ್ದ, ಹೊಟ್ಟೆಪಾಡು ಅದರಲ್ಲೇ ಇತ್ತು. ಮುಹೂರ್ತ ಮುಗಿಸಿ, ಊಟ ಮಾಡಿ, ಕಾರಿನಲ್ಲೇ ಎರಡು ಗಂಟೆ ಮಲಗಿ, ಸಂಜೆ ಚೌಕಿ ಪೂಜೆಯ ಹೊತ್ತಿಗೆ ಗದ್ದೆಯಲ್ಲಿರುತ್ತಿದ್ದ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ತಿರುಗಾಟ ನಡು ಸೀಸನ್ನಿನಲ್ಲೇ ನಿಂತಿತು, ಛತ್ರಗಳಿಗೆ ಬೀಗ. ಕಲಾವಿದರ ಮನೆಗಳಲ್ಲಿ ಆ ವರ್ಷ ಏನಾಯಿತು ಅನ್ನುವುದು ಬೇರೆಯೇ ಕಥೆ, ಇವತ್ತು ಬೇಡ. ಇವನು ಮನೆಯಲ್ಲಿ ಕೂತು ಅಷ್ಟೂ ವರ್ಷದ ಫೋಟೋಗಳಿಗೆ ಹೆಸರು ಹಾಕಿದ. ಇಸವಿ, ತಿಂಗಳು, ಮೇಳ, ಪ್ರಸಂಗ, ವೇಷ, ಕಲಾವಿದನ ಹೆಸರು, ಊರು. ಗೊತ್ತಾಗದ ಮುಖ ಕಂಡರೆ ಮೇಳದವರಿಗೆ ಫೋನು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಅವರಿಗೂ ಮಾತಾಡಲು ಒಂದು ಕಾರಣ ಸಿಕ್ಕಿತು. ಅಜ್ಜ ಅಂತೂ ಒಂದೊಂದು ಫೋಟೋಗೆ ಒಂದೊಂದು ಗಂಟೆ ಹೇಳುತ್ತಿದ್ದರು. ಎಲ್ಲವನ್ನೂ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಒಂದನ್ನು ನನ್ನ ಮನೆಯಲ್ಲಿ, ಒಂದನ್ನು ಅವನಮ್ಮನ ಮನೆಯಲ್ಲಿ ಇಟ್ಟ. ಮೂರನೆಯ ಪ್ರತಿ ಕ್ಲೌಡಿಗೆ. ಕರಾವಳಿಯ ತೇವಕ್ಕೆ ನನ್ನ ನೆಗೆಟಿವ್‌ಗಳಲ್ಲಿ ಅರ್ಧಕ್ಕರ್ಧ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಅದನ್ನು ಅವನು ಕಣ್ಣಾರೆ ಕಂಡಿದ್ದ.

ಈಗ ಸಾವಿನ ಮನೆಯ ವಿಷಯ. 2022ರ ಆಷಾಢ. ಅಜ್ಜ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪುಣ್ಯದ ಸಾವು ಅಂದರು ಎಲ್ಲ. ಮಧ್ಯಾಹ್ನ ಅವರ ಮಗ ನನ್ನ ಅಂಗಡಿಗೆ ಬಂದ, ಕೊಡೆಯಿಂದ ನೀರು ಸುರಿಯುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮನೆಯಲ್ಲಿದ್ದ ಅಷ್ಟೂ ಫೋಟೋ. ಘಟೋತ್ಕಚ. ಶೂರ್ಪನಖಿ. ಮಹಿಷಾಸುರ. ಮತ್ತೆ ಘಟೋತ್ಕಚ. ಸನ್ಮಾನದ್ದೊಂದು ಇತ್ತು, ಅದರಲ್ಲಿ ಶಾಲು ಹೊದಿಸುವವರ ಬೆನ್ನು ಅಜ್ಜನ ಮುಖಕ್ಕೆ ಅಡ್ಡ. ಉಳಿದದ್ದು ಆಧಾರ್ ಕಾರ್ಡು. ಆಧಾರ್ ಕಾರ್ಡಿನಲ್ಲಿ ಯಾರ ಮುಖ ತಾನೇ ಅವರ ಮುಖದ ಹಾಗೆ ಇರುತ್ತದೆ?

"ಪೇಪರಿನವರು ಕೇಳ್ತಿದ್ದಾರೆ. ಉತ್ತರಕ್ರಿಯೆಗೂ ಒಂದು ದೊಡ್ಡ ಫೋಟೋ ಬೇಕು. ರಾಕ್ಷಸನ ಮುಖಕ್ಕೆ ಹಾರ ಹಾಕೋದು ಹ್ಯಾಂಗೆ?" ಅಂದ.

ನೋಡಿ, ಐವತ್ತು ವರ್ಷ ಲಕ್ಷಾಂತರ ಜನ ನೋಡಿದ ಮನುಷ್ಯ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಸಾವಿರಾರು ಮೊಬೈಲುಗಳಲ್ಲಿ ಅವರ ವೇಷ ಇತ್ತು, ಮುಖ ಯಾರ ಬಳಿಯೂ ಇರಲಿಲ್ಲ.

ಅಳಿಯ ಆಗ ಬೆಂಗಳೂರಿನಲ್ಲಿದ್ದ. ಮಳೆಗಾಲದಲ್ಲಿ ನಮ್ಮ ಮೇಳದವರು ಅಲ್ಲಿಗೆ ಹೋಗಿ ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಆಡುತ್ತಾರೆ, ಇವನೂ ಅವರ ಹಿಂದೆಯೇ ಹೋಗಿದ್ದ. ಫೋನು ಮಾಡಿದೆ. ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. ಆಮೇಲೆ "ಹತ್ತು ನಿಮಿಷ ಕೊಡಿ ಮಾವ" ಅಂದ. ಲಾಕ್‌ಡೌನಿನಲ್ಲಿ ಹಾಕಿದ ಹೆಸರುಗಳು ಆಗ ಕೆಲಸಕ್ಕೆ ಬಂದವು. ಇಲ್ಲದಿದ್ದರೆ ಅಷ್ಟು ಸಾವಿರ ಫೋಟೋಗಳಲ್ಲಿ ಒಂದನ್ನು ಹುಡುಕಿ ತೆಗೆಯುವಾಗ ಉತ್ತರಕ್ರಿಯೆಯೇ ಮುಗಿದು ಹೋಗುತ್ತಿತ್ತು.

ಬಂದ ಫೋಟೋ ಇದು. ಬೆಳಗಿನ ಜಾವ, ಆಟ ಮುಗಿದಿದೆ. ಅಜ್ಜ ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿದ್ದಾಗಿದೆ, ಮುಖ ಎಣ್ಣೆಯಲ್ಲಿ ಮಿನುಗುತ್ತಿದೆ. ಹೆಗಲ ಮೇಲೆ ಬೈರಾಸು, ಕೈಯಲ್ಲಿ ಚಹಾದ ಲೋಟ. ಯಾರೋ ಏನೋ ಹೇಳಿದ್ದಾರೆ, ನಗು ಶುರುವಾಗಿದೆ, ಪೂರ್ತಿ ಆಗಿಲ್ಲ. ಅರ್ಧ ಬರೆದ ಮುಖ ತೋರಿಸಬೇಡ ಅಂದಿದ್ದರಲ್ಲ, ಅಳಿಯ ಪೂರ್ತಿ ಒರೆಸಿದ ಮುಖಕ್ಕಾಗಿ ಬೆಳಗಾಗುವ ತನಕ ಕಾಯುವುದನ್ನು ರೂಢಿ ಮಾಡಿಕೊಂಡಿದ್ದ. ಹೊರಗಿನಿಂದ ಬಂದ ಫೋಟೋಗ್ರಾಫರುಗಳು ಆ ಹೊತ್ತಿಗೆ ಲಾಡ್ಜಿನಲ್ಲಿ ಮಲಗಿರುತ್ತಿದ್ದರು.

ಸಂಜೆ ಫೋಟೋ ದೊಡ್ಡದು ಮಾಡುವಾಗ ನೋಡಿದೆ, ಎಡಗಿವಿಯ ಹಿಂದೆ ಕೆಂಪು ಬಣ್ಣ ಸ್ವಲ್ಪ ಉಳಿದಿತ್ತು. ಪಡಸಾಲೆಯಲ್ಲಿ ತೂಗುವ ಫೋಟೋ, ಫೋಟೋಶಾಪಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೂ ಕೇಳಿ ಮಾಡೋಣವೆಂದು ಪ್ರಿಂಟು ತೆಗೆದು ಅವರ ಮನೆಗೆ ಹೋದೆ. ಅಜ್ಜಿ ಅದನ್ನು ದೀಪದ ಹತ್ತಿರ ಹಿಡಿದು ನೋಡಿದರು. ಅಲ್ಲಿ ಬಣ್ಣ ಉಳಿದಿದೆ, ತೆಗೆಯಲಾ ಅಂದೆ.

"ಬೇಡ. ಅಲ್ಲಿದ್ದು ಯಾವತ್ತೂ ಹೋಗ್ತಿರ್ಲಿಲ್ಲ. ನನ್ನ ದಿಂಬಿನ ಬಟ್ಟೆ ಎಲ್ಲ ಅದೇ ಕಲೆ" ಅಂದರು.

ಮರುದಿನ ಪತ್ರಿಕೆಯಲ್ಲಿ ಅದೇ ಫೋಟೋ ಬಂತು, ಕೆಳಗೆ ಇವನ ಹೆಸರು. ಅಲ್ಲಿಂದ ಫೋನುಗಳು ಶುರು. ಮೊದಲು ಬಂದದ್ದು ಪತ್ರಿಕೆಯವರದ್ದಲ್ಲ, ಕಲಾವಿದರದ್ದು. "ನನ್ನದೂ ಒಂದು ತೆಗೆದಿಡು ಮಾರಾಯ" ಅಂತ. ಸಾವಿನ ಮಾತು ಬಾಯಲ್ಲಿ ಹೇಳುತ್ತಿರಲಿಲ್ಲ, ಇಬ್ಬರಿಗೂ ಗೊತ್ತಿರುತ್ತಿತ್ತು. ಆಮೇಲೆ ಅಭಿನಂದನ ಗ್ರಂಥ ಮಾಡುವವರು ಬಂದರು, ಪಿಎಚ್.ಡಿ. ಮಾಡುವವರು ಬಂದರು, ಕಾಲೇಜುಗಳು ಪ್ರದರ್ಶನಕ್ಕೆ ಕರೆದವು. ಒಂದು ವೇಷ ಇಪ್ಪತ್ತು ವರ್ಷದ ಹಿಂದೆ ಹೇಗಿತ್ತು ಅಂತ ಈಗಿನ ಹುಡುಗರು ಕೇಳಿದರೆ, ಹತ್ತು ವರ್ಷದ ಹಿಂದಿನದ್ದನ್ನಾದರೂ ದಿನಾಂಕ ಸಮೇತ ತೋರಿಸಬಲ್ಲವನು ಇವನು. ಕಲಾವಿದರ ಮನೆಯವರಿಗೆ ಪುಕ್ಕಟೆ. ಪ್ರಕಾಶಕರಿಗೆ, ಸಂಸ್ಥೆಗಳಿಗೆ ದುಡ್ಡು, ಅದರಲ್ಲಿ ಮುಲಾಜಿಲ್ಲ. ಈ ಲೆಕ್ಕ ನಾನೇ ಹಾಕಿಕೊಟ್ಟದ್ದು.

ಇಲ್ಲೊಂದು ಕಾನೂನಿನ ವಿಷಯ ಹೇಳಬೇಕು, ಕ್ಯಾಮೆರಾ ಹಿಡಿದ ಹುಡುಗರು ನಿಮ್ಮಲ್ಲೂ ಇದ್ದೀರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರೋ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಮದುವೆ ಫೋಟೋ ನೀವೇ ತೆಗೆದದ್ದಾದರೂ ಹಕ್ಕು ಮದುಮಗನ ಅಪ್ಪನದ್ದು ಅಂತ ಇಟ್ಟುಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ಹೋಗಿ ತೆಗೆದದ್ದು ನಿಮ್ಮದು, ನೀವು ಬದುಕಿರುವಷ್ಟು ಕಾಲ, ಆಮೇಲೆ ತೀರಿಕೊಂಡ ಮರುವರ್ಷದಿಂದ 60 ವರ್ಷ. ಅಂದರೆ ಇವನಿಗೆ ಸಂಬಳ ಕೊಟ್ಟ ಕೆಲಸ ಯಾವುದೂ ಇವನದ್ದಾಗಿ ಉಳಿಯಲಿಲ್ಲ, ಯಾರೂ ಕರೆಯದೆ ಹೋಗಿ ಬೆಳಗು ಮಾಡಿದ ರಾತ್ರಿಗಳು ಮಾತ್ರ ಇವನ ಆಸ್ತಿಯಾಗಿ ಉಳಿದವು. ಕದಿಯುವವರು ಕದಿಯುತ್ತಾರೆ. ಅಜ್ಜನ ಅದೇ ಫೋಟೋ ಬೇರೆ ಯಾರದೋ ಹೆಸರು ಹೊತ್ತು ವಾಟ್ಸಾಪಿನಲ್ಲಿ ನನಗೇ ಬಂದಿತ್ತು. ಮೂಲ ಫೈಲು ಕೈಯಲ್ಲಿದ್ದರೆ ಬಾಯಿ ಮುಚ್ಚಿಸುವುದು ಕಷ್ಟವಲ್ಲ.

ಮದುವೆ ಕೆಲಸ ಕೀಳು, ಚೌಕಿಯದ್ದು ಮೇಲು ಅಂತ ಇದನ್ನು ತಿಳಿಯಬೇಡಿ. ಇವನೂ ಹಾಗೆ ಹೇಳುವುದಿಲ್ಲ, ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಈಗಲೂ ಸೀಸನ್ನಿನಲ್ಲಿ ಮದುವೆಗಳಿಗೆ ಹೋಗುತ್ತಾನೆ. ಒಂದು ಬದಲಾವಣೆ ಆಗಿದೆ, ಕರೆಯುವವರು "ಚೌಕಿ ಫೋಟೋದವರೇ ಬರಬೇಕು" ಅನ್ನುತ್ತಾರೆ. ಮರವಂತೆ ಸೂರ್ಯನನ್ನು ಕೇಳುವುದಿಲ್ಲ. ಅಡುಗೆಯವರು, ಹೂ ಕಟ್ಟುವವರು, ಮೂಲೆಯಲ್ಲಿ ಕೂತ ಅಜ್ಜಿ, ಇವರೆಲ್ಲ ಬರಬೇಕು ಅನ್ನುತ್ತಾರೆ. ಊಟಕ್ಕೆ ಕೂತಾಗ ಕೇಳುತ್ತಿದ್ದ ಆ ಪ್ರಶ್ನೆಯನ್ನು ಅವನು ಈಗ ಕೇಳುವುದಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ. ನಿಮ್ಮ ಮನೆಯಲ್ಲಿ ಮೇಳದವರ ಹಳೆಯ ಫೋಟೋ ಇದ್ದರೆ, ವೇಷವಿಲ್ಲದ್ದು ಇದ್ದರಂತೂ ಖಂಡಿತ, ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಬಾಲ್‌ಪೆನ್ನು ಬೇಡ, ಮುಂದಕ್ಕೆ ಅಚ್ಚು ಮೂಡುತ್ತದೆ. ಮೆತ್ತಗಿನ ಪೆನ್ಸಿಲಿನಲ್ಲಿ, ಹಗುರವಾಗಿ ಬರೆಯಿರಿ. ಆಮೇಲೆ ಅಳಿಯನಿಗೆ ಒಂದು ಮಾತು ಹೇಳಿ, ಬಂದು ಸ್ಕ್ಯಾನ್ ಮಾಡಿಕೊಂಡು ವಾಪಸು ಕೊಡುತ್ತಾನೆ.